ಅರ್ನೆಸ್ಟೀನ್ ಕೂತದ್ದು ತಪ್ಪಾಯಿತು

ಮೀಸೆಮೀನಿನ ಕಾರ್ಖಾನೆಯಲ್ಲಿ ಮೊದಲು ಸಾಯುವುದು ಮೀನು. ಆಮೇಲೆ ನಮ್ಮ ಬೆರಳು. ಅದಾದ ಮೇಲೆ ಮಂಡಿ.

ಬೆಳಿಗ್ಗೆ ರಬ್ಬರ್ ಬೂಟು ಹಾಕಿಕೊಂಡು ಮೇಜಿನ ಮುಂದೆ ನಿಂತರೆ ಸಂಜೆಯವರೆಗೂ ನಿಂತೇ ಇರಬೇಕು. ಕಾಲ ಕೆಳಗೆ ಐಸಿನ ನೀರು ಹರಿಯುತ್ತಿರುತ್ತದೆ. ಬೆಲ್ಟಿನ ಮೇಲೆ ಮೀನು ಬರುತ್ತಲೇ ಇರುತ್ತದೆ. ಬಲಗೈಯಲ್ಲಿ ಚಾಕು, ಎಡಗೈಯಲ್ಲಿ ಮೀನು, ಮೂಗಿನ ತುದಿಯಲ್ಲಿ ಒಂದು ತೊಟ್ಟು ನೀರು. ಅದನ್ನು ಒರೆಸಿಕೊಳ್ಳಲು ದೇವರು ಮೂರನೆಯ ಕೈ ಕೊಟ್ಟಿಲ್ಲ. ಬಚ್ಚಲಿಗೆ ಹೋಗಬೇಕಾದರೆ ಸೂಪರ್‌ವೈಸರ್ ಡೂಲಿಯ ಅಪ್ಪಣೆ ಬೇಕು. ಒಂದು ಸ್ಟೂಲಾದರೂ ಹಾಕಿಸಿ ಎಂದರೆ ಅವನು ಗಾದೆ ಹೇಳುತ್ತಾನೆ.

"ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲ್ದು ಕಣ್ರಮ್ಮ."

ಈ ಮಾತನ್ನು ಡೂಲಿ ಕೂತೇ ಹೇಳುತ್ತಾನೆ.

ಮೀನು ಕತ್ತರಿಸುವ ನಾವೆಲ್ಲ ಕರಿಯ ಹೆಂಗಸರು. ನಾನು ಲೂವೀನಿಯಾ. ನನ್ನ ಬಾಯಿ ಸ್ವಲ್ಪ ಉದ್ದ, ಅದು ಊರಿಗೆಲ್ಲ ಗೊತ್ತು. ನನ್ನ ಪಕ್ಕದಲ್ಲಿ ನಿಲ್ಲುವವಳು ಅರ್ನೆಸ್ಟೀನ್, ಮನೆಯೂ ಪಕ್ಕದ್ದೇ. ಅವಳಿಗೆ ಬಲಮಂಡಿ ಊದಿಕೊಂಡು ಕುಂಬಳಕಾಯಿಯಾಗಿತ್ತು. ಆದರೂ ಅವಳು ಗೊಣಗುವವಳಲ್ಲ. ಅವಳ ಪಾಲಿನ ಗೊಣಗಾಟವನ್ನೂ ನಾನೇ ಗೊಣಗುತ್ತಿದ್ದೆ.

ಅವಳಿಗೆ ಒಬ್ಬನೇ ಮಗ, ಕಾರ್ಡೆಲ್. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುವಂಥ ಆಳು. ಹೈಸ್ಕೂಲಿನ ಕೊನೆಯ ವರ್ಷ. ನಮ್ಮ ಮಿಸಿಸಿಪ್ಪಿಯಲ್ಲಿ ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವ ಆಟವಲ್ಲ, ಎದೆಯಲ್ಲಿ ಗುದ್ದುವ ಆಟ. ಕಾರ್ಡೆಲ್ ಗುದ್ದಿದರೆ ಎದುರಿನವನು ಬೀಳುತ್ತಿದ್ದ, ಅವನ ಹಿಂದಿನವನೂ ಬೀಳುತ್ತಿದ್ದ. ಬಿದ್ದವರನ್ನು ಕೈಹಿಡಿದು ಎಬ್ಬಿಸಿ, "ನೋವಾಯ್ತಾ?" ಎಂದು ಕೇಳುತ್ತಿದ್ದ. ತಾಯಿ ಬೆಳೆಸಿದ್ದು ಹಾಗೆ.

ಒಂದು ಶುಕ್ರವಾರ ನಮ್ಮ ಧಣಿ ಪ್ರೂಯಿಟ್ ಆಟ ನೋಡಲು ಬಂದ. ಅವನು ರಾಜ್ಯದ ದೊಡ್ಡ ಯೂನಿವರ್ಸಿಟಿಯಲ್ಲಿ ಓದಿದವನು. ಅದರ ತಂಡಕ್ಕೆ ಕೈಬಿಚ್ಚಿ ಕೊಡುವವನು. ನಮಗೆ ಹೊಸ ಕೈಗವಸು ಕೊಡುವಾಗ ಮಾತ್ರ ಅದೇ ಕೈ ಮುಚ್ಚಿಕೊಳ್ಳುತ್ತದೆ. ಸೋಮವಾರ ಅರ್ನೆಸ್ಟೀನಳಿಗೆ ಕರೆ ಬಂತು. ಅಂದಿನಿಂದ ಅವಳಿಗೆ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ಬೆಚ್ಚಗಿನ ಕೋಣೆ, ಒಣಗಿದ ನೆಲ. ಕೂರಲು ಮೆತ್ತೆ ಹಾಕಿದ ಕುರ್ಚಿ.

"ನನ್ನ ಮಂಡಿಗೋಸ್ಕರ ಪ್ರಾರ್ಥನೆ ಮಾಡಿದ್ದೆ ಕಣೆ ಲೂವಿ. ದೇವರು ಕೇಳಿಸ್ಕೊಂಡ," ಎಂದಳು ಅರ್ನೆಸ್ಟೀನ್, ಕಣ್ಣು ತುಂಬಿಕೊಂಡು.

"ದೇವರು ಶುಕ್ರವಾರ ಆಟ ನೋಡಕ್ಕೆ ಬಂದಿದ್ದ," ಎಂದೆ ನಾನು. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗದಿರುವುದೇ ಮೇಲು.

ಆಮೇಲೆ ಹುಡುಗನನ್ನು ತನ್ನ ತಂಡಕ್ಕೆ ಕರೆಯಲು ಆ ಯೂನಿವರ್ಸಿಟಿಯ ಕೋಚ್ ಅವಳ ಮನೆಗೆ ಬಂದ. ಹುರಿದ ಕೋಳಿ ತಿಂದ, ಸೊಪ್ಪು ಬಡಿಸಿಕೊಂಡ, ಪೀಚ್ ಹಣ್ಣಿನ ಸಿಹಿಯನ್ನು ಬಟ್ಟಲು ಕೆರೆದು ತಿಂದ. ಕಾಲೇಜು ಆಟಗಳ ನಿಯಮದ ಪ್ರಕಾರ ಅವನು ಹುಡುಗನ ಮನೆಯಲ್ಲಿ ಎಷ್ಟು ಬೇಕಾದರೂ ತಿನ್ನಬಹುದಂತೆ. ಆದರೆ ಕಾರ್ಡೆಲ್‌ಗೆ ಹೊರಗೆ ಒಂದು ಬರ್ಗರ್ ಕೊಡಿಸಿದರೂ ಅಪರಾಧವಂತೆ.

"ಒಳ್ಳೇ ನಿಯಮ ಮಾಡ್ಕೊಂಡಿದೀರಪ್ಪ. ತಿನ್ನೋಕೆ ಬಾಯಿದೆ, ಕೊಡೋಕೆ ಕೈಯಿಲ್ಲ," ಎಂದೆ.

ಕೋಚ್ ನಕ್ಕ. ಕಾರ್ಡೆಲ್‌ನ ಮಂಡಿ ಮುಟ್ಟಿ, ಒತ್ತಿ, ಮಡಿಸಿ ನೋಡಿದ. ನಮ್ಮಲ್ಲಿ ಮೂರು ಜನ ಡಾಕ್ಟರು ಬರೀ ಮಂಡಿಗೆಂದೇ ಇದ್ದಾರೆ ಎಂದ. ಅಷ್ಟರಲ್ಲಿ ಅರ್ನೆಸ್ಟೀನ್ ಕುಂಟುತ್ತಾ ಬಂದು ಅವನಿಗೆ ಕಾಫಿ ಕೊಟ್ಟಳು. ಆ ಮಂಡಿಯ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ.

ಕಾರ್ಡೆಲ್ ಆ ಯೂನಿವರ್ಸಿಟಿಗೇ ಹೋಗುತ್ತೇನೆಂದು ಮಾತು ಕೊಟ್ಟ. ಓದು, ಊಟ, ವಸತಿ ಎಲ್ಲ ಅವರದೇ. ಅರ್ನೆಸ್ಟೀನ್ ಚರ್ಚಿನಲ್ಲಿ ಎದ್ದುನಿಂತು ಹಾಡಿದಳು. ಕಾರ್ಡೆಲ್ ಸಿಗಲಿಲ್ಲವೆಂದು ಇನ್ನೊಂದು ಕಾಲೇಜಿನವರ ಹೊಟ್ಟೆ ಉರಿಯಿತು. ಉರಿದ ಹೊಟ್ಟೆಯವರು ದೂರು ಕೊಟ್ಟರು. ಕಾಲೇಜು ಆಟಗಳ ಸಂಘದಿಂದ ವಿಚಾರಣೆಗೆ ಕೆಸ್ಲಿಂಗ್ ಎಂಬಾತ ಬಂದ. ಸಣಕಲು ಮನುಷ್ಯ, ಮಾತು ಮೆದು. ಅರ್ನೆಸ್ಟೀನಳ ಅಡುಗೆಮನೆಯಲ್ಲಿ ಕೂತು ಗಂಟಲು ಸರಿಮಾಡಿಕೊಂಡ.

"ಮೇಡಂ, ನಿಮಗೆ ಈಚೆಗೆ ಯಾರಾದ್ರೂ ಕುರ್ಚಿ ಕೊಟ್ಟಿದಾರಾ?"

ಅರ್ನೆಸ್ಟೀನ್ ಸುತ್ತ ನೋಡಿದಳು. "ಇಲ್ಲಪ್ಪ. ಇವೆಲ್ಲ ನಮ್ಮತ್ತೆ ಕಾಲದ್ದು. ಹುಷಾರಾಗಿ ಕೂತ್ಕೊಳ್ಳಿ, ನಿಮ್ಮದರ ಒಂದು ಕಾಲು ಅಲ್ಲಾಡತ್ತೆ."

"ಮನೇದಲ್ಲ, ಕಾರ್ಖಾನೇದು."

"ಓ, ಅದಾ! ಅದನ್ನ ಮನೆಗೆ ತಂದಿಲ್ಲಪ್ಪ. ದಿನಾ ಅಲ್ಲೇ ಬಿಟ್ಟು ಬರ್ತೀನಿ."

"ದೂರು ಕುರ್ಚಿ ಬಗ್ಗೆ ಅಲ್ಲ ಮೇಡಂ. ನೀವು ಕೂತಿದ್ದರ ಬಗ್ಗೆ."

ಆತ ಬಿಡಿಸಿ ಹೇಳಿದ. ಯೂನಿವರ್ಸಿಟಿಯ ತಂಡಕ್ಕೆ ದುಡ್ಡು ಕೊಡುವ ಹಿತೈಷಿಗಳು ಆಟಗಾರನ ಮನೆಯವರಿಗೆ ಬೇರೆಯವರಿಗೆ ಸಿಗದ ಸೌಲಭ್ಯವನ್ನು ಕೊಡುವಂತಿಲ್ಲ. ಕಾರಾಗಲಿ, ಮನೆಯಾಗಲಿ, ಹಗುರ ಕೆಲಸವಾಗಲಿ. ಕೊಟ್ಟದ್ದು ಸಾಬೀತಾದರೆ ಕಾರ್ಡೆಲ್ ಅಲ್ಲಿ ಆಡುವಂತಿಲ್ಲ. ಸ್ಕಾಲರ್‌ಶಿಪ್ ಇಲ್ಲ. ಹೆಸರು ಕೆಟ್ಟ ಹುಡುಗನನ್ನು ಬೇರೆ ಕಾಲೇಜಿನವರೂ ಮುಟ್ಟುವುದಿಲ್ಲ.

"ಮತ್ತೆ ಕೊಟ್ಟ ಧಣಿಗೆ?" ಎಂದೆ.

"ಅವರಿಗೆ... ಒಂದೆರಡು ವರ್ಷ ಮೈದಾನಕ್ಕೆ ಬರಬೇಡಿ ಅಂತ ಹೇಳಬಹುದು."

"ಅಯ್ಯೋ ಪಾಪ. ಟೀವಿ ಇದೆಯಂತಾ ಅವರ ಮನೇಲಿ?"

ಕೆಸ್ಲಿಂಗ್ ತಲೆ ತಗ್ಗಿಸಿದ. "ಪಡೆದ ಸೌಲಭ್ಯನ ವಾಪಸ್ ಕೊಟ್ಟರೆ ಕೆಲವು ಸಲ ಮಾಫಿ ಆಗೋದುಂಟು," ಎಂದ.

"ಕೂತದ್ದನ್ನ ವಾಪಸ್ ಕೊಡೋದು ಹೇಗೆ ಸ್ವಾಮಿ? ಇವಳು ಹೋಗಿ ಧಣಿ ಮನೆ ಮುಂದೆ ಅಷ್ಟು ದಿನ ನಿಂತ್ಕೊಂಡು ಬರ್ಬೇಕಾ?"

"ಅದಕ್ಕೆ ನಿಯಮದಲ್ಲಿ ದಾರಿ ಇಲ್ಲ," ಎಂದ ಪುಣ್ಯಾತ್ಮ. ನಗಲಿಲ್ಲ. ಆಮೇಲೆ ಅರ್ನೆಸ್ಟೀನಳ ಕಡೆ ತಿರುಗಿದ. "ನಿಮ್ಮ ಧಣಿ ಹೇಳ್ತಾರೆ, ಅಲ್ಲಿ ಕೂತು ಕೆಲಸ ಮಾಡೋಕೆ ಎಲ್ಲರಿಗೂ ಅನುಮತಿ ಇದೆ ಅಂತ. ಎಲ್ಲರಿಗೂ ಸಿಗೋದಾದ್ರೆ ಅದು ತಪ್ಪೇ ಅಲ್ಲ. ನಾಡಿದ್ದು ಬೆಳಿಗ್ಗೆ ಬಂದು ಕಣ್ಣಾರೆ ನೋಡ್ತೀನಿ. ನಿಮ್ಮನ್ನೂ ಅಲ್ಲೇ ಕೇಳ್ತೀನಿ, ಮೇಡಂ."

ಅವನು ಹೋದ ಮೇಲೆ ಕಾರ್ಡೆಲ್ ಒಳಗಿನಿಂದ ಬಂದ. ಎಲ್ಲ ಕೇಳಿಸಿಕೊಂಡಿದ್ದ.

"ಬಿಡಮ್ಮ. ನಾನೂ ಮೀನು ಕೊಯ್ಯಕ್ಕೆ ಬರ್ತೀನಿ."

ಅರ್ನೆಸ್ಟೀನ್ ಕೈಲಿದ್ದ ಸೌಟನ್ನು ಕುಕ್ಕಿದಳು. "ಆ ಚಾಕು ನಿನ್ನ ಕೈಗೆ ಬರಬಾರ್ದು ಅಂತಾನೇ ಇಷ್ಟು ವರ್ಷ ನಾನು ಹಿಡಿದಿರೋದು! ಇನ್ನೊಂದು ಸಲ ಆ ಮಾತಾಡಿದ್ರೆ, ಎಷ್ಟು ದಪ್ಪ ಇದೀಯ ಅಂತ ನೋಡಲ್ಲ, ಹಾಕ್ತೀನಿ." ಆಮೇಲೆ ನನ್ನ ಭುಜಕ್ಕೊರಗಿ ಅತ್ತಳು. "ಲೂವಿ, ಸುಳ್ಳು ಹೇಳಿದ್ರೆ ದೇವರನ್ನ ಕಳ್ಕೋತೀನಿ. ನಿಜ ಹೇಳಿದ್ರೆ ಮಗನ್ನ."

ಮರುದಿನ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ತಪ್ಪು ಮಾಡಿದ ಧಣಿ ತಪ್ಪನ್ನು ತಿದ್ದಲು ಅರ್ನೆಸ್ಟೀನಳನ್ನು ಐಸಿನ ನೀರಿಗೆ ವಾಪಸ್ಸು ಕಳಿಸಿದ. ಊದಿದ ಮಂಡಿ ಮತ್ತೆ ನಿಂತಿತು. ಡೂಲಿ ಎರಡು ಹೊಸ ಕುರ್ಚಿ ತಂದು ನಮ್ಮ ಮೇಜಿನ ಹತ್ತಿರ ಇಟ್ಟ. ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

"ಇವು ತೋರ್ಸೋಕೆ. ಕೂರೋಕಲ್ಲ. ಯಾರಾದ್ರೂ ಕೂತ್ರೋ, ನೋಡಿ ಮತ್ತೆ!"

ಊಟದ ಹೊತ್ತಿಗೆ ನನ್ನ ತಾಳ್ಮೆ ತೀರಿತ್ತು. ಎಲ್ಲರನ್ನೂ ಹತ್ತಿರ ಕರೆದೆ.

"ನೋಡ್ರೇ, ಅರ್ನೆಸ್ಟೀನ್ ಸುಳ್ಳು ಹೇಳಲ್ಲ. ಧಣಿ ಸುಳ್ಳು ಹೇಳಾಗಿದೆ. ಆ ಸುಳ್ಳನ್ನ ನಾವು ನಿಜ ಮಾಡಿಬಿಡೋಣ. ನಾಳೆ ಎಲ್ರೂ ಕೂರೋಣ."

ಮೊದಲು ಬಾಯಿಬಿಟ್ಟವಳು ಬರ್ನೀಸ್. ಅವಳು ಚರ್ಚಿನಲ್ಲಿ ಬಿಳಿ ಕೈಗವಸು ಹಾಕಿಕೊಂಡು ಜನರನ್ನು ಸಾಲಾಗಿ ಕೂರಿಸುವವಳು, ಶಿಸ್ತೆಂದರೆ ಶಿಸ್ತು.

"ಕೆಲಸ ಹೋದ್ರೆ? ಬೆಕ್ಕಿಗೆ ಗಂಟೆ ಕಟ್ಟೋರ್ಯಾರೆ?"

"ಒಬ್ಳೇ ಕಟ್ಟೋದು ಬೇಡ ಕಣೆ. ಒಬ್ಳು ಕೂತ್ರೆ ಸೋಮಾರಿ. ಎಲ್ರೂ ಕೂತ್ರೆ ನಿಯಮ. ಆ ಸಣಕಲು ಸಾಹೇಬ್ನೇ ಹೇಳಿದ್ದು."

ಬರ್ನೀಸ್ ಯೋಚಿಸಿದಳು. ಎದ್ದುಹೋಗಿ ಡೂಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿದಳು. ಮೇಜು ಅವಳ ಗಲ್ಲದವರೆಗೆ ಬಂತು.

"ಥೂ, ಇದರಲ್ಲಿ ಕೂತ್ರೆ ಮೀನಿಗೆ ಮುತ್ತು ಕೊಡ್ಬೇಕಷ್ಟೆ. ಎತ್ತರದ ಸ್ಟೂಲ್ ಬೇಕು. ಚರ್ಚಿನ ಕುರ್ಚಿನೂ ಆಗಲ್ಲ."

ಊರಲ್ಲಿ ಎತ್ತರದ ಸ್ಟೂಲುಗಳು ಹೆಚ್ಚಾಗಿ ಇರುವುದು ಓಥಾನ ಹೆಂಡದಂಗಡಿಯಲ್ಲಿ. ಆ ಅಂಗಡಿ ಮುಚ್ಚಿಸಬೇಕೆಂದು ಪ್ರತಿ ವರ್ಷ ಉಪವಾಸ ಮಾಡುವವಳು ಇದೇ ಬರ್ನೀಸ್. ಸಂಜೆ ಕೆಲಸ ಬಿಟ್ಟಮೇಲೆ ಅವಳೇ ಮುಂದಾಗಿ ಹೋದಳು, ಹಿಂದೆ ನಾವೆಲ್ಲ. ಓಥಾ ಕೈಲಿದ್ದ ಲೋಟ ಕೆಳಗಿಟ್ಟ.

"ಬರ್ನೀಸಕ್ಕಾ! ಕೊನೆಗೂ ದೇವರು ನಿಮ್ಮನ್ನ ನಮ್ಮಂಗಡಿಗೆ ಕಳಿಸಿದ್ನಲ್ಲ!"

"ಬಾಯ್ಮುಚ್ಕೊಂಡು ಸ್ಟೂಲ್ ಕೊಡು."

"ಕುಡಿಯೋಕೇನು ಕೊಡ್ಲಿ?"

"ಓಥಾ, ನಿಮ್ಮಮ್ಮ ನನಗೆ ಗೊತ್ತು."

ಓಥಾ ಸ್ಟೂಲುಗಳನ್ನು ತಾನೇ ತನ್ನ ವ್ಯಾನಿಗೆ ಏರಿಸಿದ. ಅವು ಸಾಲಲಿಲ್ಲವೆಂದು ಕಾರ್ಡೆಲ್ ಹೋಗಿ ಶಾಲೆಯ ಮೇಷ್ಟ್ರನ್ನು ಕೇಳಿ ಲ್ಯಾಬಿನಿಂದ ಇನ್ನಷ್ಟು ತಂದ. ಒಂದೊಂದು ಕೈಯಲ್ಲಿ ಮೂರು ಮೂರು ಹಿಡಿದು ಬಂದ ಹುಡುಗ.

ಬೆಳಿಗ್ಗೆ ಡೂಲಿ ಬರುವಷ್ಟರಲ್ಲಿ ನಾವು ಕೂತಾಗಿತ್ತು. ಅವನ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಥೇಟ್ ನಮ್ಮ ಮೇಜಿನ ಮೇಲಿನವರ ಹಾಗೆ. ಅವನು ಕೂಗಾಡುವ ಮುಂಚೆಯೇ ಬಾಗಿಲು ತೆರೆದು ಪ್ರೂಯಿಟ್ ಒಳಬಂದ. ಪಕ್ಕದಲ್ಲಿ ಕೆಸ್ಲಿಂಗ್. ಧಣಿ ಏನೋ ಹೇಳುತ್ತಾ ನಗುತ್ತಾ ಬರುತ್ತಿದ್ದವನು ನಮ್ಮನ್ನು ನೋಡಿ ನಿಂತ. ನಗು ಹಾಗೇ ಮುಖದ ಮೇಲೆ ಉಳಿದು ಹಳಸಿಹೋಯಿತು.

ಕೆಸ್ಲಿಂಗ್ ಸಾಲಿನುದ್ದಕ್ಕೂ ನಡೆದ. ಕೆಂಪು ಸ್ಟೂಲೊಂದರ ಅಂಚಿನಲ್ಲಿ 'ಓಥಾ ಬಾರ್' ಎಂದು ಬರೆದಿತ್ತು. ಅದನ್ನು ಬಗ್ಗಿ ಓದಿದ, ಮುಂದೆ ನಡೆದ. ಅರ್ನೆಸ್ಟೀನಳ ಹತ್ತಿರ ಬಂದ.

"ಮೇಡಂ, ಇಲ್ಲಿ ಎಲ್ಲರಿಗೂ ಕೂರೋ ಅನುಮತಿ ಇದೆಯಾ?"

ಅರ್ನೆಸ್ಟೀನ್ ಚಾಕು ಕೆಳಗಿಟ್ಟಳು.

"ನಾವೆಲ್ಲ ಕೂತಿರೋದು ನಿಮಗೆ ಕಾಣ್ತಿದೆ ಸಾರ್. ಅನುಮತಿ ಕೊಡೋರು ಧಣಿ. ಅವರು ಇಲ್ಲೇ ಇದಾರೆ. ಅವರನ್ನೇ ಕೇಳಿ."

ಎಲ್ಲರ ಕಣ್ಣೂ ಪ್ರೂಯಿಟ್ ಮೇಲೆ. ಇಲ್ಲ ಎಂದರೆ ಅವನ ತಂಡಕ್ಕೆ ಕಾರ್ಡೆಲ್ ಇಲ್ಲ. ಹೌದು ಎಂದರೆ ನಾವು ಏಳುವುದಿಲ್ಲ. ಅಷ್ಟು ಚಳಿಯಲ್ಲೂ ಧಣಿಯ ಹಣೆ ಬೆವರಿತು.

"ಹೌದು," ಎಂದ. "ಎಲ್ಲರಿಗೂ."

"ಏನಂದ್ರಿ ಧಣಿ? ಕಡೇ ತುದಿಯವರಿಗೆ ಕೇಳಿಸ್ಲಿಲ್ಲ," ಎಂದಳು ಬರ್ನೀಸ್.

"ಎಲ್ಲರಿಗೂ ಅನುಮತಿ ಇದೆ!"

"ಹಾಗಿದ್ದರೆ ಇದು ವಿಶೇಷ ಸೌಲಭ್ಯ ಅಲ್ಲ," ಎಂದ ಕೆಸ್ಲಿಂಗ್. "ಹುಡುಗ ಆಡಬಹುದು. ಆಗಾಗ ಬಂದು ನೋಡಿಕೊಂಡು ಹೋಗ್ತೀನಿ. ಕುರ್ಚಿ ಕಾಣದಿದ್ದರೆ ವಿಚಾರಣೆ ಮತ್ತೆ ಮೊದಲಿಂದ." ಹೊರಡುವಾಗ ಅವನು ನನ್ನ ಕಡೆ ನೋಡಿದ. ಕಣ್ಣಲ್ಲಿ ಒಂಚೂರು ನಗು ಇತ್ತು ಎಂದು ನನಗೆ ಅನುಮಾನ.

ಅವನ ಕಾರು ಗೇಟು ದಾಟಿದ್ದೇ ತಡ, ಪ್ರೂಯಿಟ್ ಹಿಂದಿರುಗಿ ಬಂದ.

"ನಾಟಕ ಮುಗೀತು. ಎದ್ದೇಳಿ ಎಲ್ಲ!"

ಯಾರೂ ಏಳಲಿಲ್ಲ. ಭಯವಾಗಲಿಲ್ಲ ಎಂದರೆ ಸುಳ್ಳು. ಆಗ ಎಂದೂ ಗೊಣಗದ ಅರ್ನೆಸ್ಟೀನ್ ಬಾಯಿಬಿಟ್ಟಳು.

"ಏಳ್ತೀವಿ ಧಣಿ. ಆದ್ರೆ ನಾವೆಲ್ಲ ಎದ್ರೆ ನಾನು ಕೂತಿದ್ದು ತಪ್ಪಾಗತ್ತೆ. ನಾನು ಕೂತಿದ್ದು ತಪ್ಪಾದ್ರೆ ನಿಮಗೆ ನನ್ನ ಮಗ ಇಲ್ಲ. ಹೇಳಿ, ಏಳ್ಲಾ?"

ಪ್ರೂಯಿಟ್ ಅವಳನ್ನು ನೋಡಿದ, ನಮ್ಮನ್ನು ನೋಡಿದ. "ಡೂಲಿ, ಬೆಲ್ಟ್ ಹಾಕು," ಎಂದು ದಡದಡ ಹೊರಟುಹೋದ.

ನಾವು ನಕ್ಕದ್ದು ಎಷ್ಟೆಂದರೆ, ಬರ್ನೀಸ್ ಸ್ಟೂಲಿಂದ ಬೀಳುವುದರಲ್ಲಿದ್ದಳು. ನಕ್ಕು ಮುಗಿದ ಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು, "ಅಲ್ವೇ, ಕಾರ್ಡೆಲ್ ಅಲ್ಲಿ ಆಡೋದು ನಾಕು ವರ್ಷ. ಆಮೇಲೆ? ನನ್ನ ಕಿರಿಮಗನೂ ಆಟಗಾರ ಆಗ್ಲಿ ಅಂತ ಇವತ್ತಿಂದಾನೇ ಅವನಿಗೆ ಎರಡು ಮೊಟ್ಟೆ ಜಾಸ್ತಿ ಹಾಕ್ಲಾ?"

ನಾವು ಮತ್ತೆ ನಕ್ಕೆವು. ಅರ್ನೆಸ್ಟೀನ್ ಮಾತ್ರ ನಗದೆ ಅವಳ ಕಡೆ ತಿರುಗಿದಳು.

"ಮೊಟ್ಟೆ ಹಾಕು ಬರ್ನೀಸ್, ಹುಡುಗ ತಿನ್ಲಿ. ಆದ್ರೆ ಅವನ ಮಂಡಿ ಅಡ ಇಟ್ಟು ನಾವು ಕೂರೋದು ಬೇಡ. ನಾಕು ವರ್ಷ ಟೈಮಿದೆ. ಅಷ್ಟರೊಳಗೆ, ನಮಗೆ ಕಾಲು ನೋಯತ್ತೆ, ಅದಕ್ಕೇ ಕೂರ್ತೀವಿ ಅಂತ ಹೇಳೋದನ್ನ ಕಲೀಬೇಕು."

ಬೆಲ್ಟು ತಿರುಗಿತು, ಮೀನು ಬಂತು. ಕೂತೇ ಚಾಕು ಕೈಗೆತ್ತಿಕೊಂಡೆವು.