ರೊಪ್ಪದ ಹೊತ್ತು

ನೇತ್ರಾವತಿ ಏನು ಕೆಲಸ ಮಾಡುತ್ತಾಳೆ ಎಂಬುದು ಹನ್ನೊಂದು ವರ್ಷವಾದರೂ ಅವಳ ಹಟ್ಟಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸರ್ಕಾರದ ಸವಲತ್ತು ಯಾರಿಗೆ ಮುಟ್ಟುತ್ತದೆ, ಯಾರಿಗೆ ಮುಟ್ಟುವುದಿಲ್ಲ, ಮುಟ್ಟದವರಿಗೂ ಮುಟ್ಟಬೇಕಾದರೆ ಯಾವ ನಿಯಮ ಬದಲಾಗಬೇಕು ಎಂದು ಹುಡುಕಿ, ಅಧಿಕಾರಿಗಳ ಮುಂದೆ ವಾದಿಸುವ ಪುಟ್ಟ ಸಂಸ್ಥೆಯೊಂದು ಚಿತ್ರದುರ್ಗದಲ್ಲಿತ್ತು. ಅವಳು ಅಲ್ಲಿದ್ದಳು. ಒಮ್ಮೆ ಯಾರೋ ಕೇಳಿದ್ದಕ್ಕೆ "ಪಾಲಿಸಿ ಕೆಲಸ" ಎಂದುಬಿಟ್ಟದ್ದೇ ತಪ್ಪಾಯಿತು. ಅಂದಿನಿಂದ ಅವಳು ಬಾಗೂರಿನಾಚೆಯ ಆ ಹಟ್ಟಿಗೆ ಬಂದಳೆಂದರೆ ಚಿಕ್ಕಪ್ಪ ಮಾರಣ್ಣ ಹಿತ್ತಲಿನಿಂದ ಜಾರಿಕೊಳ್ಳುತ್ತಿದ್ದ.

"ಇನ್ಸೂರೆನ್ಸ್ ಅಲ್ಲ ಚಿಗಪ್ಪಾ!" ಎಂದು ಅವಳು ಕೂಗಿದರೆ, "ನಂಗೇನೂ ಆಗಲ್ಲ ಬಿಡವ್ವ, ಗುಂಡುಕಲ್ಲು ಇದ್ದಂಗಿದೀನಿ" ಎಂಬ ಉತ್ತರ ಬೇಲಿಯಾಚೆಯಿಂದ ಬರುತ್ತಿತ್ತು.

ಹೋದ ವರ್ಷ ಅವಳೂ ಸಂಸ್ಥೆಯ ಜೊತೆಗಾತಿ ಸುಪ್ರಿಯಾಳೂ ಸೇರಿ ಕುರಿಗಾರರ ಬಗ್ಗೆ ಎಂಬತ್ತು ಪುಟದ ವರದಿ ಬರೆದರು. ಊರೊಳಗೆ ದನ ಎಮ್ಮೆ ಕಟ್ಟಿದವರ ಕೊಟ್ಟಿಗೆಗೆ ಲಸಿಕೆ ಮುಟ್ಟುವಷ್ಟು ಊರಾಚೆಯ ಹಟ್ಟಿಗಳ ಕುರಿಗಳಿಗೆ ಮುಟ್ಟುತ್ತಿಲ್ಲ, ಕಾರಣ ದೂರ. ಆದ್ದರಿಂದ ಶಿಬಿರಗಳು ಹಟ್ಟಿಗಳಲ್ಲೇ ನಡೆಯಬೇಕು ಎಂಬುದು ಅದರ ಸಾರಾಂಶ. ಸುಪ್ರಿಯಾ ಬಣ್ಣಬಣ್ಣದ ನಕ್ಷೆ ಬರೆದಿದ್ದಳು. ಪಶು ಇಲಾಖೆಯ ಮುರುಗೇಶಪ್ಪ ಎಂಬ ಹಿರಿಯ ಅಧಿಕಾರಿ ಎಲ್ಲವನ್ನೂ ಓದಿದರು. ಓದಿ, ಒಪ್ಪಿಯೂಬಿಟ್ಟರು! ಸಂಸ್ಥೆಯಲ್ಲಿ ಅಂದು ಮೈಸೂರುಪಾಕು ಹಂಚಿದರು.

ಮೊದಲ ಶಿಬಿರ ನೇತ್ರಾವತಿಯ ಹಟ್ಟಿಯಲ್ಲೇ. ಬೇವಿನ ಮರದಡಿ ಶಾಮಿಯಾನ ಹಾಕಿ, ಮಂಜುಗಡ್ಡೆಯ ಡಬ್ಬಿಯಲ್ಲಿ ಲಸಿಕೆ ಇಟ್ಟುಕೊಂಡು, ಲಸಿಕೆ ಹಾಕುವ ಕಾಟಯ್ಯ ಹನ್ನೊಂದು ಗಂಟೆಗೆ ಕುಳಿತ. ಮಧ್ಯಾಹ್ನ ಒಂದಾಯಿತು. ಬಂದದ್ದು ನಾಲ್ಕು ಆಡು, ಕುಂಟುವ ಒಂದು ಟಗರು. ಕಾಟಯ್ಯ ಡಬ್ಬಿ ಮುಚ್ಚಿ, "ಮೇಡಂ, ನಿಮ್ ಜನಕ್ಕೆ ಬ್ಯಾಡಾದ ಮೇಲೆ ನಾವೇನ್ ಮಾಡಾಣ?" ಎಂದು ಹೊರಟೇಹೋದ.

ಸಂಜೆ ಕುರಿ ಹೊಡೆದುಕೊಂಡು ಬಂದ ಜುಂಜೇಶನನ್ನು ನೇತ್ರಾವತಿ ದಾರಿಯಲ್ಲೇ ತಡೆದಳು. ಜುಂಜೇಶ ಮಾರಣ್ಣನ ಮಗ; ಅವಳಿಗಿಂತ ಚಿಕ್ಕವನು.

"ಎಲ್ಲಿಗ್ ಹೋಗಿದ್ಯೋ? ನಿನ್ ಮನೆ ಬಾಗ್ಲಿಗೇ ಬಂದಿತ್ತಲ್ಲೋ!"

ಜುಂಜೇಶ ಕಂಬಳಿ ಕೊಡವಿ ನಕ್ಕ. "ಅಕ್ಕಾ, ಹನ್ನೊಂದು ಗಂಟೆಗೆ ಕುರಿ ಎಲ್ಲಿರ್ತಾವೆ? ಕಾವಲ್ನಾಗೆ ಮೇಯ್ತಿರ್ತಾವೆ. ನೀನೂ ಈ ಹಟ್ಯಾಗೇ ಹುಟ್ಟಿದೋಳಲ್ವಾ?"

ಅವಳ ಕೆನ್ನೆ ಬಿಸಿಯಾಯಿತು. ಪಶು ಆಸ್ಪತ್ರೆ ಎಷ್ಟು ದೂರ, ಎಷ್ಟು ಕುರಿ, ಎಷ್ಟು ಸತ್ತವು ಎಂದು ವರದಿಗೆಂದು ನಲವತ್ತೆರಡು ಪ್ರಶ್ನೆ ಕೇಳಿದ್ದಳು. ಎಷ್ಟು ಹೊತ್ತಿಗೆ ಎಂದು ಒಂದು ಸಲವೂ ಕೇಳಿರಲಿಲ್ಲ. ಕುರಿ ಕೂಡುವ ರೊಪ್ಪದ ಬೇಲಿಗೆ ಒರಗಿ ಬೆಳೆದವಳು ತಾನು. ಕುರಿ ಒಳಗಿರುವ ಹೊತ್ತು ತನಗೇ ಮರೆತುಹೋಗಿತ್ತು. ತನ್ನನ್ನೇ ನೆನೆದು ಜೋರಾಗಿ ನಕ್ಕಳು. ಜುಂಜೇಶನಿಗೆ ಗಾಬರಿಯಾಯಿತು.

ಮರುವಾರದಿಂದ ಅವಳೂ ಸುಪ್ರಿಯಾಳೂ ಸ್ಕೂಟರ್ ಹತ್ತಿದರು. ಹೊಸದುರ್ಗ, ಹೊಳಲ್ಕೆರೆ ಕಡೆಯ ಇಪ್ಪತ್ತಮೂರು ಹಟ್ಟಿ, ಪ್ರಶ್ನೆ ಒಂದೇ. ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ ಉತ್ತರ: ಬೆಳಕು ಹರಿದಾಗಿನಿಂದ ಎಂಟು ಗಂಟೆಯವರೆಗೆ ರೊಪ್ಪದಲ್ಲಿರುತ್ತವೆ, ಆಮೇಲೆ ಹೊತ್ತು ಮುಳುಗುವವರೆಗೆ ದೇವರೇ ಬಂದರೂ ಸಿಗುವುದಿಲ್ಲ. ಈ ಸಲ ವರದಿ ಅರ್ಧ ಪುಟ.

ಮುರುಗೇಶಪ್ಪನವರು ಓದಿ ಕನ್ನಡಕ ತೆಗೆದರು. "ಬೆಳಗಿನ ಆರಕ್ಕೆ ನಮ್ಮ ಸಿಬ್ಬಂದಿ ಬರ್ತಾರೇನಮ್ಮ? ಆಗೋ ಮಾತು ಹೇಳು."

ನೇತ್ರಾವತಿ ವಾದಿಸಲಿಲ್ಲ. ಮರುದಿನ ನಸುಕಿನಲ್ಲಿ ಜೋಗಿಮಟ್ಟಿ ರಸ್ತೆಯಲ್ಲಿ ನಿಂತಳು. ಮುರುಗೇಶಪ್ಪನವರು ಬಿಳಿ ಬೂಟು ಹಾಕಿಕೊಂಡು ದಿನವೂ ಅಲ್ಲಿ ನಡೆಯುವುದು ಇಡೀ ದುರ್ಗಕ್ಕೇ ಗೊತ್ತಿದ್ದ ಸಂಗತಿ.

"ನೀವು ಹೆಂಗೂ ಐದಕ್ಕೆ ಏಳ್ತೀರಿ ಸರ್. ಒಂದಿನ ನಮ್ ಕಡೆ ವಾಕಿಂಗ್ ಬರ್ರಿ."

ಅವರು ಅವಳನ್ನೂ ನೋಡಿದರು, ಬೆಟ್ಟವನ್ನೂ ನೋಡಿದರು. ನಗು ತಡೆಯಲಾಗಲಿಲ್ಲ. "ಆಯ್ತಮ್ಮ, ಬರ್ತೀನಿ ನಡಿ" ಎಂದರು.

ಆ ವಾರವೇ ಒಂದು ದಿನ ಅವರ ಜೀಪು ಹಟ್ಟಿಗೆ ಬಂದಾಗ ಸೂರ್ಯ ಇನ್ನೂ ಮೂಡಿರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಟಯ್ಯ ಆಕಳಿಸುತ್ತಿದ್ದ. ರೊಪ್ಪದ ಬಾಗಿಲಲ್ಲಿ ನೇತ್ರಾವತಿಯ ಅವ್ವ ಯಲ್ಲಕ್ಕ ಅಡ್ಡ ನಿಂತಳು.

"ಬೂಟು ಬಿಚ್ಚಿ ಬರ್ರಿ ಸಾಹೇಬ್ರೆ. ನಮ್ ರೊಪ್ಪದೊಳಗೆ ಮೆಟ್ಟು ಹಾಕ್ಕಂಡು ಯಾರೂ ಬರಂಗಿಲ್ಲ."

ಮುರುಗೇಶಪ್ಪನವರು ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಬೆಚ್ಚಗಿನ ಕುರಿ ಹಿಕ್ಕೆಯ ಮೇಲೆ ಬರಿಗಾಲಿಟ್ಟರು. ಜುಂಜೇಶ ಒಂದೊಂದೇ ಕುರಿ ಹಿಡಿದು ಕೊಟ್ಟ, ಕಾಟಯ್ಯ ಚುಚ್ಚಿದ, ಚುಚ್ಚಿದ ಕುರಿಯ ಬೆನ್ನಿಗೆ ಯಲ್ಲಕ್ಕ ಗುರುತಿಗೆ ಕೆಮ್ಮಣ್ಣಿನ ಬೊಟ್ಟಿಟ್ಟಳು. ಅರ್ಧ ಗಂಟೆಯಲ್ಲಿ ಸಾಹೇಬರೂ ಕುರಿ ಹಿಡಿಯತೊಡಗಿದರು; ಒಂದು ಟಗರು ಅವರನ್ನು ಕೆಡವಿ ಓಡಿತು. ಅಷ್ಟು ದಿನ ಅವಿತಿದ್ದ ಮಾರಣ್ಣನೇ ಓಡಿ ಬಂದು ಅವರನ್ನು ಎತ್ತಿದ. ಎಂಟಕ್ಕೆ ಮೊದಲೇ ಇನ್ನೂರ ಹದಿನಾಲ್ಕು ಕುರಿ ಮುಗಿದಿದ್ದವು.

ರಾಗಿ ಮುದ್ದೆಯ ಮುಂದೆ ಕುಳಿತಾಗ ಕಾಟಯ್ಯ ಮೆಲ್ಲಗೆ ಹೇಳಿದ, "ದಿನಾ ಹಿಂಗೇ ಅಂದ್ರೆ ಕಷ್ಟ ಮೇಡಂ. ನಸುಕ್ನಾಗೆ ನಂಗೆ ಬಸ್ಸಿಲ್ಲ. ಇಲ್ಲಿ ಮುಗಿಸಿ ಮತ್ತೆ ಸಂಜೆಗಂಟ ಆಫೀಸು."

ಕುರಿಗಾರರ ಭಾರ ಇಳಿಸಿ ಕಾಟಯ್ಯನ ತಲೆಗೆ ಹೊರಿಸಿದರೆ ಅದೆಂಥ ನ್ಯಾಯ? ನೇತ್ರಾವತಿ ಅಲ್ಲೇ ಆ ಅರ್ಧ ಪುಟದ ವರದಿಯ ಅಂಚಿನಲ್ಲಿ ಇನ್ನೆರಡು ಸಾಲು ಬರೆದು ಮುರುಗೇಶಪ್ಪನವರ ಮುಂದಿಟ್ಟಳು: ಬೆಳಗಿನ ಶಿಬಿರಕ್ಕೆ ಹೋಗುವ ಸಿಬ್ಬಂದಿಗೆ ಜೀಪು ಕೊಡಬೇಕು, ಅಂದು ಮಧ್ಯಾಹ್ನ ರಜೆ ಕೊಡಬೇಕು. ಅವರು ಮುದ್ದೆ ನುಂಗಿ, "ಇದನ್ನೂ ಸೇರಿಸಾಣ" ಎಂದರು.

ಎರಡು ತಿಂಗಳಿಗೆ ಆದೇಶ ಹೊರಬಿತ್ತು. ನೇತ್ರಾವತಿಯ ಹೆಸರಾಗಲಿ ಸಂಸ್ಥೆಯ ಹೆಸರಾಗಲಿ ಅದರಲ್ಲಿ ಎಲ್ಲೂ ಇರಲಿಲ್ಲ. ಸುಪ್ರಿಯಾ ಮುನಿಸಿಕೊಂಡಳು, ನೇತ್ರಾವತಿ ಅವಳಿಗೆ ಮಸಾಲೆ ಮಂಡಕ್ಕಿ ಕೊಡಿಸಿ ಸಮಾಧಾನ ಮಾಡಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಬ್ಬರೂ ಹಿರಿಯೂರಿನ ಕಡೆ ಗುರುತಿಲ್ಲದ ಹಟ್ಟಿಯೊಂದಕ್ಕೆ ಹೋದರು. ಬೆಳಗಿನ ಬಿಸಿಲಿನಲ್ಲಿ ಓಬಕ್ಕ ಎಂಬ ಮುದುಕಿ ಹಗ್ಗ ಹೊಸೆಯುತ್ತಿದ್ದಳು. ಪಕ್ಕದಲ್ಲಿ ಬೆನ್ನಿಗೆ ಕೆಮ್ಮಣ್ಣು ಮೆತ್ತಿದ ಮರಿಗಳು ನೆಗೆದಾಡುತ್ತಿದ್ದವು.

"ನಿಮಗೆ ಗೊತ್ತಿಲ್ಲ ಅನ್ಸುತ್ತೆ, ಪ್ಯಾಟೆಯೋರು" ಎಂದು ಓಬಕ್ಕ ಶುರುಮಾಡಿದಳು. "ಈಗ ಡಾಕ್ಟ್ರು ರೊಪ್ಪಕ್ಕೇ ಬರ್ತಾರೆ, ಹೊತ್ತು ಮೂಡಾಕೆ ಮುಂಚೆ. ಸರ್ಕಾರದೋರಿಗೆ ಯಾರೋ ಬುದ್ಧಿ ಹೇಳಿರಬೇಕು."

ಸುಪ್ರಿಯಾ ಬಾಯಿ ತೆರೆದಳು. ನೇತ್ರಾವತಿ ಅವಳ ಕೈ ಅದುಮಿದಳು.

"ಹೌದಾ ಅಜ್ಜೀ? ಒಳ್ಳೇದಾಯ್ತು" ಎಂದು ಜಗಲಿಯ ಮೇಲೆ ಕುಳಿತಳು. "ಮತ್ತೆ, ಇಲ್ಲಿಗೆ ಇನ್ನೂ ಏನೇನು ಬಂದಿಲ್ಲ?"

ಓಬಕ್ಕ ಹಗ್ಗ ಕೆಳಗಿಟ್ಟಳು. "ಸರಿಯಾಗಿ ಕುಂತ್ಕಳವ್ವ" ಎಂದಳು. "ಹೇಳ್ತಾ ಹೋದ್ರೆ ಉಂಡು ಹೋಗಾ ಹೊತ್ತಾಗ್ತೈತೆ."