ಅಚ್ಚಿನಲ್ಲಿ ಇಲ್ಲದ ಗುಳಿಗಳು

ಧರ್ಮಪಾಲ ತನ್ನ ಅಣ್ಣನ ಹಳೆಯ ಮರದ ದೋಣಿಯನ್ನು ಟೆಂಪೋದಲ್ಲಿ ಹೇರಿಕೊಂಡು ನಮ್ಮ ಶೆಡ್ಡಿಗೆ ತಂದಾಗ ಅದರ ಅಡಿಹಲಗೆಗೆ ಗೆದ್ದಲು ಹಿಡಿದಿತ್ತು. ಕಾಪುವಿನ ಕಡಲಬದಿಯಲ್ಲಿ ನನ್ನ ತಮ್ಮ ತಾರಾನಾಥ ಫೈಬರ್ ದೋಣಿ ಮಾಡುವ ಶೆಡ್ ಅದು. ಅಚ್ಚಿಗೆ ಮೇಣ ತಿಕ್ಕುವುದು, ಕೈಯಾಡಿಸಿ ತಗ್ಗುದಿಣ್ಣೆ ನೋಡುವುದು ನನ್ನ ಕೆಲಸ. ಅವಸರದವರಿಗೆ ಅದು ಆಗುವುದಿಲ್ಲ.

“ಇದೇ ಆಕಾರದ್ದು ಒಂದು ಬೇಕು ತಾರಣ್ಣ,” ಎಂದ ಧರ್ಮಪಾಲ.

“ಇದಕ್ಕಿಂತ ಒಳ್ಳೆಯದುಂಟು. ಮಣಿಪಾಲದಲ್ಲಿ ಓದುವ ನನ್ನ ಮಗಳು ಮಾನ್ಯಾ ಕಂಪ್ಯೂಟರಿನಲ್ಲಿ ನಕ್ಷೆ ಬರೆದುಕೊಟ್ಟಿದ್ದಾಳೆ. ಅದರ ತಳ ಅಗಲ, ಮಗುಚುವುದೇ ಇಲ್ಲ.”

ಹೇಳಿದ ಮೇಲೆ ತಾರಾನಾಥ ನಾಲಗೆ ಕಚ್ಚಿಕೊಂಡ. ಹೋದ ವರ್ಷ ಈ ಹಳೆಯ ದೋಣಿ ಮಗುಚಿಯೇ ಧರ್ಮಪಾಲನ ಅಣ್ಣ ಮುದ್ದಣ್ಣ ಸತ್ತದ್ದು. ಧರ್ಮಪಾಲ ಮಗುಚಿದ ದೋಣಿಯ ಬೆನ್ನಿನ ಮೇಲೆ ಬೆಳಗಿನವರೆಗೆ ಕುಳಿತು ಬದುಕಿ ಬಂದ. ಅಣ್ಣ ಮೊದಲ ತೆರೆಗೇ ಹೋದ ಎಂದು ಅತ್ತಿಗೆಗೂ ಊರಿಗೂ ಹೇಳಿದ್ದ. ಹೆಣ ಆಮೇಲೆ ಮಟ್ಟುವಿನ ದಡಕ್ಕೆ ಬಂದಿತ್ತು.

“ಮರದಲ್ಲಿ ಮಾಡಿಸುವಾ ಅಂದರೆ ಕಾರ್ಕಳದ ಮರದ ಡಿಪೋದಲ್ಲಿಯೂ ಹೆಬ್ಬಲಸಿನ ಉದ್ದ ಹಲಗೆ ಇಲ್ಲ. ಫೈಬರ್ ಆಗಬಹುದು. ಆಕಾರ ಮಾತ್ರ ಇದೇ ಬೇಕು. ತೆರೆ ದಾಟುವಾಗ ಇದು ಹೇಗೆ ಏಳುತ್ತದೆ ಅಂತ ನನ್ನ ಸೊಂಟಕ್ಕೆ ಗೊತ್ತುಂಟು.”

“ಹಾಗಾದರೆ ನಿನ್ನ ಸೊಂಟದ್ದೇ ಅಚ್ಚು ತೆಗೆಯಬಹುದಿತ್ತು. ಟೆಂಪೋ ಬಾಡಿಗೆ ಉಳಿಯುತ್ತಿತ್ತು.”

ಇಬ್ಬರೂ ನಕ್ಕರು. ಕೆಲಸ ಹಿಡಿದೆವು.

ಹಳೆಯ ದೋಣಿಯಿಂದ ಅಚ್ಚು ತೆಗೆಯುವಾಗ ಮೊದಲು ಅದರ ಹೊರಮೈಯ ಬಿರುಕು, ಗುಳಿಗಳಿಗೆಲ್ಲ ಪುಟ್ಟಿ ತುಂಬಿ, ಪಾಲಿಶ್ ಕಾಗದದಲ್ಲಿ ಉಜ್ಜಿ, ಮೇಣ ಹಚ್ಚಬೇಕು. ಅದರ ಮೇಲೆ ರೆಸಿನ್ ಅಂಟು ಬಳಿದು ಫೈಬರಿನ ಚಾಪೆಯನ್ನು ಪದರ ಪದರವಾಗಿ ಅಂಟಿಸಿ, ಗಟ್ಟಿಯಾದ ಮೇಲೆ ಎಬ್ಬಿಸಿದರೆ ಅದೇ ಅಚ್ಚು. ಹೊಸ ದೋಣಿ ಆ ಅಚ್ಚಿನೊಳಗೆ ಆಗುತ್ತದೆ. ಫೈಬರ್ ಯಾವುದನ್ನೂ ಬಿಡುವುದಿಲ್ಲ. ಹಳೆಯದರಲ್ಲಿ ಒಂದು ಮೊಳೆಯ ತಲೆ ಎದ್ದಿದ್ದರೆ ಹೊಸದರಲ್ಲಿಯೂ ಅದು ಎದ್ದೇ ಇರುತ್ತದೆ.

ಬಲಬದಿಯ ಅಂಚಿನ ಹೊರಮೈಯಲ್ಲಿ, ಬಣ್ಣದ ಅಡಿಯಲ್ಲಿ, ನನ್ನ ಕೈಗೆ ಸಾಲಾಗಿ ನಾಲ್ಕು ಗುಳಿ ಸಿಕ್ಕಿದವು. ಬಲೆಯ ಹಗ್ಗ ತಿಂದ ಗುರುತು ಎಂದುಕೊಂಡು ಪುಟ್ಟಿ ತುಂಬಿದೆ. ಅಚ್ಚು ಎದ್ದಾಗ ಆ ಜಾಗ ಕನ್ನಡಿಯಷ್ಟು ನುಣುಪಾಗಿತ್ತು.

ಅಚ್ಚಿನಿಂದ ಎದ್ದ ಹೊಸ ದೋಣಿಯಲ್ಲಿ ಗುಳಿಗಳು ಇದ್ದವು.

“ಹಾರ್ಡನರ್ ಹೆಚ್ಚಾಗಿದೆ. ರೆಸಿನ್ ಗಟ್ಟಿಯಾಗುವಾಗ ಸೆಳೆದುಕೊಂಡಿದೆ, ಅಷ್ಟೇ,” ಎಂದ ತಾರಾನಾಥ. ನಾನು ಮತ್ತೆ ಪುಟ್ಟಿ ತುಂಬಿದೆ. ಮರುದಿನ ಬೆರಳಿಟ್ಟರೆ ಮತ್ತೆ ಇಳಿದಿತ್ತು.

“ನಿನಗೆ ಪ್ರಾಯ ಆಯಿತು ಅಕ್ಕ. ಸರಿ ಒತ್ತಿಲ್ಲ.”

“ನಿನಗೆ ಪ್ರಾಯ ಆಗಿಲ್ಲ ಅಲ್ವಾ, ನೀನೇ ಒತ್ತು ಮಾರಾಯ.”

ಅವನು ಒತ್ತಿದ್ದೂ ಇಳಿಯಿತು. ಆಮೇಲೆ ಅವನು ಆ ಬದಿಗೆ ಹೋಗುವುದನ್ನೇ ಬಿಟ್ಟ. ನಾನು ಅಚ್ಚಿನೊಳಗೆ ಮತ್ತೊಮ್ಮೆ ಕೈಯಾಡಿಸಿದೆ. ಅಲ್ಲಿ ಏನೂ ಇರಲಿಲ್ಲ.

ದೋಣಿಯ ಬಳಿಗೆ ಬಂದು ಒಂದೊಂದು ಗುಳಿಗೆ ಒಂದೊಂದು ಬೆರಳು ಇಟ್ಟು ನೋಡಿದೆ. ಮೂರನೆಯದು ಗಿಡ್ಡ. ಮಲ್ಪೆಯ ಟ್ರಾಲ್ ಬೋಟಿನಲ್ಲಿ ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಮುದ್ದಣ್ಣನ ಉಂಗುರದ ಬೆರಳಿನ ತುದಿ ಹೋಗಿತ್ತೆಂದು ಊರಿಗೆಲ್ಲ ಗೊತ್ತು. ಬೆರಳುಗಳು ದೋಣಿಯ ಒಳಗಿನಿಂದ ಬಂದು, ಅಂಚನ್ನು ದಾಟಿ, ಹೊರಕ್ಕೆ ಮಡಚಿದ್ದವು. ನೀರಿನಲ್ಲಿದ್ದು ಹೊರಗಿನಿಂದ ಜೋತವನ ಕೈಯಾದರೆ ತುದಿ ಒಳಬದಿಗೆ ಬರಬೇಕು. ಇದು ಒಳಗಿದ್ದವನ ಕೈ. ಸುಮ್ಮನೆ ಕುಳಿತವನು ಇಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಮಗುಚಿದ ದೋಣಿಯ ಅಡಿಯಲ್ಲಿ, ಅಲ್ಲಿ ಉಳಿದ ಗಾಳಿಗೆ ಮೂಗು ಎತ್ತಿಕೊಂಡಿರುವವನು ಹಿಡಿಯುತ್ತಾನೆ.

ನಾನು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಧರ್ಮಪಾಲನೇ ನೋಡಲು ಬಂದ. ಹೊಸ ದೋಣಿಯನ್ನು ಮರದ ತುಂಡುಗಳ ಮೇಲೆ ಕವುಚಿ ಇಟ್ಟಿದ್ದೆವು. ಬೆನ್ನು ಸವರುತ್ತ ಬಂದ ಅವನ ಕೈ ಅಂಚಿನಲ್ಲಿ ನಿಂತಿತು. ಬೆರಳುಗಳು ಗುಳಿಗಳನ್ನು ಒಂದೊಂದಾಗಿ ತಡವಿದವು.

“ಸುಭಾಷಿಣಿಯಕ್ಕ, ಇದು ಎಂತ?”

“ನನಗಿಂತ ನಿನಗೆ ಗೊತ್ತು.”

ಅವನು ಶೆಡ್ಡಿನ ಮರಳುನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತ. “ಅವತ್ತು ಕೆಳಗಿನಿಂದ ಟಕ್ ಟಕ್ ಅಂತ ಕೇಳುತ್ತಿತ್ತು. ನೀರು ಬಡಿಯುವುದು ಅಂದುಕೊಂಡೆ. ನಿಜವಾಗಿ ಅಂದುಕೊಂಡೆನೋ, ಇಳಿಯಲು ಹೆದರಿ ನನಗೆ ನಾನೇ ಹಾಗೆ ಹೇಳಿಕೊಂಡೆನೋ, ಅದು ಗೊತ್ತಾಗದೆ ನನಗೆ ಇರಲಿಕ್ಕೆ ಆಗುವುದಿಲ್ಲ. ನಾನು ಅಡಿಗೆ ಹೋಗಿ ಬಡಿಯುತ್ತೇನೆ. ನೀವು ಮೇಲೆ ಕಿವಿಯಿಟ್ಟು, ನೀರೋ ಮನುಷ್ಯನೋ ಅಂತ ಹೇಳಿ.”

“ಹೋದವನನ್ನು ಬಿಡು ಮಾರಾಯ,” ಎಂದ ತಾರಾನಾಥ.

ಧರ್ಮಪಾಲ ಅದಾಗಲೇ ನುಸುಳಿದ್ದ. ಮರದ ತುಂಡುಗಳನ್ನು ತೆಗೆದು ಅಂಚನ್ನು ಮರಳಿಗೆ ಇಳಿಸಿದೆವು. ನಾನು ಕಿವಿಯಿಟ್ಟೆ. ಹೊಸ ರೆಸಿನ್ನಿನ ವಾಸನೆ ಕಣ್ಣಿಗೆ ಹೊಡೆಯುತ್ತಿತ್ತು.

ಟಕ್ ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್ ಟಕ್.

ಸಾಕು ಎಂದು ದೋಣಿಯ ಬದಿ ಎತ್ತಿದೆವು. ಅವನು ತೆವಳಿ ಹೊರಗೆ ಬಂದ ಮೇಲೆ ಇಳಿಸಿದೆವು. ಬೆವರಿಗೆ ಮರಳು ಮೆತ್ತಿ ಅವನ ಮುಖ ಬೇರೆಯವರದ್ದರಂತೆ ಕಾಣುತ್ತಿತ್ತು.

“ಎಂತ ಕೇಳಿತು?”

“ನೀರಿನ ಹಾಗೆಯೇ,” ಎಂದ ತಾರಾನಾಥ ಬೇಗನೆ.

ಧರ್ಮಪಾಲ ನನ್ನನ್ನು ನೋಡಿದ. ಸುಳ್ಳು ಹೇಳಬಹುದಿತ್ತು. ಹೇಳಿದರೆ ಅವನು ಇದನ್ನೇ ಇನ್ನೊಬ್ಬರ ಬಳಿ ಕೇಳುತ್ತಾನೆ, ಸಾಯುವವರೆಗೆ ಕೇಳುತ್ತಾನೆ.

“ಮನುಷ್ಯ,” ಎಂದೆ. “ನೀರು ಬಡಿದು ಕಾಯುವುದಿಲ್ಲ. ನೀನು ಬಡಿದು, ಉತ್ತರಕ್ಕೆ ಕಾದು, ಮತ್ತೆ ಬಡಿಯುತ್ತಿದ್ದೆ.”

ಅವನು ತನ್ನ ಕೈಗಳನ್ನು ನೋಡಿಕೊಂಡ.

“ನಾನು ಬಡಿಯಲಿಲ್ಲ ಅಕ್ಕ. ಒಳಗೆ ಹೋದ ಮೇಲೆ ಕೈ ಏಳಲಿಲ್ಲ. ಸುಮ್ಮನೆ ಮಲಗಿದ್ದೆ.”

ನಾವು ಮೂವರೂ ಹೊರಗೆ ನಿಂತಿದ್ದಾಗಲೇ ದೋಣಿಯ ಅಡಿಯಿಂದ ಕೇಳಿತು. ಟಕ್ ಟಕ್. ಆಮೇಲೆ ಆ ಕಾಯುವ ಹೊತ್ತು.

ತಾರಾನಾಥ ಬಾಗಿಲವರೆಗೆ ಹಿಂದೆ ಸರಿದ. ಧರ್ಮಪಾಲ ಸರಿಯಲಿಲ್ಲ. ಮೊಣಕಾಲೂರಿ, ದೋಣಿಯ ಬೆನ್ನಿಗೆ ಬೆರಳ ಗೆಣ್ಣಿನಿಂದ ಬಡಿದ. “ಇಲ್ಲಿದ್ದೇನೆ ಅಣ್ಣ,” ಎಂದ, ಪಕ್ಕದ ಕೋಣೆಯಲ್ಲಿದ್ದವರಿಗೆ ಹೇಳುವಷ್ಟೇ ದನಿಯಲ್ಲಿ. ಆಮೇಲೆ ಅಂಚಿನ ಕೆಳಗಿನ ಮರಳು ಕೆದಕಿ ಕೈ ತೂರಿಸಿದ. ನಾನೂ ಅವನ ಪಕ್ಕ ಕುಳಿತು ಕೈ ತೂರಿಸಿದೆ.

ಈಗಷ್ಟೇ ಸುಲಭವಾಗಿ ಎತ್ತಿ ಇಳಿಸಿದ ದೋಣಿ ಅದು. ಈಗ ನಮ್ಮ ಬದಿಯಲ್ಲಿ ಒಬ್ಬ ಆಳು ಜೋತುಬಿದ್ದಷ್ಟು ಭಾರವಿತ್ತು.

“ಬಿಡಬೇಡಿ ಅಕ್ಕ,” ಎಂದ ಧರ್ಮಪಾಲ.

ಬಿಡಲಿಲ್ಲ. ಎತ್ತಿದೆವು.