ಬಾಳವ್ವನ ಎಡಗಾಲಿನ ಚಪ್ಪಲಿ

ಮಂಚದ ಕೆಳಗೆ ಕೈ ಹಾಕಿದೆ. ಮಸಿ ಗುರ್ರೆಂದಿತು. ಅದರ ಮುಂಗಾಲುಗಳ ನಡುವೆ ಒಂದು ಚಪ್ಪಲಿ ಇತ್ತು. ಹಿಮ್ಮಡಿ ಸವೆದ, ಬೆವರಿಗೆ ಕಪ್ಪಾದ, ಎಡಗಾಲಿನ ತೊಗಲ ಚಪ್ಪಲಿ. ಮಸಿ ಅದನ್ನು ನೆಕ್ಕುತ್ತಿತ್ತು. ತುದಿಯಿಂದ ಹಿಮ್ಮಡಿಯ ತನಕ, ಮತ್ತೆ ಹಿಮ್ಮಡಿಯಿಂದ ತುದಿಯ ತನಕ, ಆಗತಾನೆ ಹುಟ್ಟಿದ ಮರಿಯ ಮೈ ಒಣಗಿಸುವಂತೆ. ನಾನು ಮತ್ತೊಮ್ಮೆ ಕೈ ಚಾಚಿದಾಗ ಹಲ್ಲು ತೋರಿಸಿತು. ಅಲ್ಲಿಯ ತನಕ ನನ್ನ ಕೈಯಿಂದಲೇ ಉಂಡು ಬೆಳೆದ ನಾಯಿ.

ಚಪ್ಪಲಿ ನನ್ನದಲ್ಲ. ನನ್ನವು ಮೂರು ಜೊತೆ ಬಾಗಿಲ ಬಳಿಯೇ ಇದ್ದವು. ಅವನ್ನೆಲ್ಲ ದಾಟಿ, ಮೋಟುಗೋಡೆ ಹಾರಿ, ಪಕ್ಕದ ಮನೆಯ ಬಾಳವ್ವನ ಚಪ್ಪಲಿಯನ್ನೇ ಅದು ಕಚ್ಚಿ ತಂದಿತ್ತು.

ಆ ಊರಿಗೆ ನಾನು ಹೆಣ್ಣುಮಕ್ಕಳ ಶಾಲೆಯ ಟೀಚರಾಗಿ ಹೋಗಿದ್ದೆ. ಒಬ್ಬಳೇ ಇದ್ದೆ, ಒಬ್ಬಳೇ ಇರುವುದು ನಾನೇ ಆರಿಸಿಕೊಂಡದ್ದು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಶಾಲೆಯ ಹಿಂದಿನ ಚರಂಡಿಯಿಂದ ಎತ್ತಿ ತಂದ ಮಸಿಯೊಂದನ್ನು ಬಿಟ್ಟರೆ ಅಲ್ಲಿ ನನ್ನದು ಎನ್ನುವಂಥದ್ದು ಏನೂ ಇರಲಿಲ್ಲ. ಮಿಕ್ಕದ್ದೆಲ್ಲ ಬಾಳವ್ವನದು. ಆಕೆ ಸೂಲಗಿತ್ತಿ. ಓಣಿಯ ಹುಡುಗರು, ಹುಡುಗರ ಅಪ್ಪಂದಿರು, ತರಕಾರಿ ಮಾರುವವಳು, ಕೊನೆಗೆ ನಮ್ಮ ಹೆಡ್ಮಾಸ್ತರು ಕೂಡ ಆಕೆಯ ಕೈಯಲ್ಲಿ ಹುಟ್ಟಿದವರು. ಹೆರಿಗೆ ಆಸ್ಪತ್ರೆ ಬಂದ ಮೇಲೆ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ. ಆದರೂ ಆಕೆ ಕಟ್ಟೆಯ ಮೇಲೆ ಕೂತಿದ್ದರೆ ದಾರಿಯಲ್ಲಿ ಹೋಗುವವರು ನಿಂತು ಬೈಸಿಕೊಂಡೇ ಮುಂದೆ ಹೋಗುತ್ತಿದ್ದರು. ನನ್ನನ್ನು ಆಕೆ ಬೈಯುತ್ತಿರಲಿಲ್ಲ. ನನಗೆ 'ಅಕ್ಕಾರ' ಎನ್ನುತ್ತಿದ್ದಳು. ಟೀಚರಿಗೆ ಸಲ್ಲುವ ಮರ್ಯಾದೆ.

ಚಪ್ಪಲಿ ಹುಡುಕಿಕೊಂಡು ಬಂದ ಬಾಳವ್ವ ಮಂಚದ ಕೆಳಗೆ ಬಗ್ಗಿ ನೋಡಿ ನಕ್ಕಳು.

"ಬಾ ನನ್ನವ್ವಾ. ಹೊರಗ ಬಾ."

ಮಸಿ ತೆವಳಿಕೊಂಡು ಬಂದು ಆಕೆಯ ಮುಂದೆ ಅಂಗಾತ ಬಿದ್ದುಕೊಂಡಿತು. ಬಾಳವ್ವ ಕಣ್ಣು ಮುಚ್ಚಿ ಅದರ ಹೊಟ್ಟೆಯ ಮೇಲೆ ಬೆರಳಾಡಿಸಿದಳು. ಒಂದು ಮೊಲೆಯನ್ನು ಮೆಲ್ಲಗೆ ಒತ್ತಿದಾಗ ಹಾಲಿನ ಹನಿ ಮೂಡಿತು.

"ಬಸರಿ ಅದಾಳ್ರೀ ಅಕ್ಕಾರ. ನಾಕ ಮರಿ ಅದಾವ. ಇವತ್ತೋ ನಾಳಿಗೋ ಅನ್ನೂ ಹಂಗೈತಿ."

"ಆಗೋದಿಲ್ಲ ಬಾಳವ್ವ. ಬೆದೆಗೆ ಬಂದಾಗ ಒಳಗೇ ಕೂಡಿ ಹಾಕಿದ್ದೆ. ಒಂದು ಗಂಡುನಾಯಿಯೂ ಹತ್ತಿರ ಸುಳಿದಿಲ್ಲ."

"ಹಂಗಂತ ಭಾಳ ಮಂದಿ ತಾಯಂದ್ರು ತಮ್ಮ ಹೆಣ್ಣಮಕ್ಕಳ ಬಗ್ಗೆ ನನ್ನ ಮುಂದ ಹೇಳ್ಯಾರ," ಎಂದಳು ಬಾಳವ್ವ. "ಆಮ್ಯಾಲೆ ನನ್ನ ಕರಕೊಂಡು ಹೋಗ್ಯಾರ." ಹೊರಡುವಾಗ ಚಪ್ಪಲಿಯನ್ನು ಕೇಳಲಿಲ್ಲ. "ಇರ್ಲಿ ಬಿಡ್ರಿ. ಬಸರಿ ಬಯಕಿ," ಎಂದು ಒಂದೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೋದಳು. ಮಸಿ ಆಕೆಯನ್ನು ಬಾಗಿಲ ತನಕ ಕಳಿಸಿ ಬಂತು. ನಾನು ಶಾಲೆಗೆ ಹೊರಟಾಗ ಅದು ಯಾವತ್ತೂ ಹಾಗೆ ಬಂದಿರಲಿಲ್ಲ.

ಮರುದಿನ ಮಸಿಯನ್ನು ಪಶುವೈದ್ಯ ಮುರಿಗೆಪ್ಪನವರಲ್ಲಿಗೆ ಕರೆದುಕೊಂಡು ಹೋದೆ. ಅವರು ಚಪ್ಪಲಿಯ ಕತೆ ಕೇಳಿಸಿಕೊಂಡು ಬಹಳ ಹೊತ್ತು ಹೊಟ್ಟೆ ಮುಟ್ಟಿ ನೋಡಿದರು.

"ಮರಿ ಇಲ್ಲ. ಸುಳ್ಳು ಬಸಿರು. ಬೆದಿ ಮುಗದು ಎರಡು ತಿಂಗಳ ಆಸುಪಾಸು ಕೆಲವು ಹೆಣ್ಣುನಾಯಿಗೆ ಹಿಂಗಾಗತೈತಿ. ಗಂಡು ಸೇರಿರಬೇಕಂತೇನಿಲ್ಲ. ಮೈಗೆ ತಾನು ತಾಯಿ ಅನಿಸತೈತಿ. ಹಾಲು ಇಳೀತೈತಿ, ಹಾಸಿಗಿ ಕೆದರತೈತಿ, ಕೈಗೆ ಸಿಕ್ಕಿದ್ದನ್ನ ತಂದು ಮರಿ ಅಂತ ಸಾಕತೈತಿ."

"ಔಷಧ?"

"ಸುಮ್ನಿರೂದ ಔಷಧ. ಮೊಲಿ ಮುಟ್ಟಬ್ಯಾಡ್ರಿ, ಹಿಂಡಬ್ಯಾಡ್ರಿ, ಕಾಸಬ್ಯಾಡ್ರಿ. ಮುಟ್ಟಿದಷ್ಟೂ ಹಾಲು ಬರತೈತಿ. ತಾನೂ ನೆಕ್ಕಿಕೊಳ್ಳದಂಗ ಒಂದು ಹಳೇ ಬನಿಯನ್ ತೊಡಸ್ರಿ. ಊಟ ಸ್ವಲ್ಪ ಕಡಿಮಿ ಮಾಡ್ರಿ, ದೂರ ಅಡ್ಡಾಡಸ್ರಿ. ಅದು ಇಲ್ಲದಾಗ ಆ ಚಪ್ಪಲಿ ತಗದಬಿಡ್ರಿ. ಎದುರಿಗೆ ಕಸಗೊಂಡ್ರ ಕಡೀತೈತಿ. ಎರಡು ಮೂರು ವಾರದಾಗ ತಾನ ಇಳೀತೈತಿ. ಮೊಲಿ ಬಿಸಿಯಾಗಿ ಗಟ್ಟಿ ಆತಂದ್ರ ಮಾತ್ರ ತಡ ಮಾಡದ ಕರಕೊಂಡು ಬರ್ರಿ."

ಹಿಂದಿರುಗುವಾಗ ನನ್ನ ಹೆಜ್ಜೆ ಹಗುರಾಗಿತ್ತು. ಊರನ್ನೇ ಹಡೆಸಿದ ಬೆರಳುಗಳು ನನ್ನ ನಾಯಿಯ ವಿಷಯದಲ್ಲಿ ತಪ್ಪಿದ್ದವು. ಗೋಡೆಯಾಚೆ ನಿಂತಿದ್ದ ಬಾಳವ್ವನಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಆಕೆ ತಲೆಯಾಡಿಸಿದಳು.

ಮುರಿಗೆಪ್ಪನವರು ಹೇಳಿದ್ದನ್ನೆಲ್ಲ ನಾನು ಮಾಡಿದೆ. ಮಸಿಗೆ ಬನಿಯನ್ ತೊಡಿಸಿದೆ. ಅನ್ನ ಅಳೆದು ಹಾಕಿದೆ. ಕೆರೆಯ ಏರಿಯ ಕೊನೆಯ ತನಕ ನಡೆಸಿದೆ. ಚಪ್ಪಲಿಯನ್ನು ಕದ್ದು ಗೋಡೆಯಾಚೆ ಇಟ್ಟು ಬಂದೆ. ಸಂಜೆ ಶಾಲೆಯಿಂದ ಬಂದರೆ ಚಪ್ಪಲಿ ಮತ್ತೆ ಮಂಚದ ಕೆಳಗೆ. ಮಸಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿತ್ತು. ಕಡಿಮೆ ಹಾಕುವವಳು, ಕಸಿಯುವವಳು, ಬಟ್ಟೆ ಬಿಗಿಯುವವಳು ನಾನೊಬ್ಬಳೇ ತಾನೆ. ಹಾಲು ಮಾತ್ರ ಇಳಿಯಲಿಲ್ಲ. ಒಂದು ಸಂಜೆ ಅದರ ಕತ್ತಿಗೆ ಮುಖವಿಟ್ಟೆ. ಹರಳೆಣ್ಣೆಯ ವಾಸನೆ. ನನ್ನ ಮನೆಯಲ್ಲಿ ಹರಳೆಣ್ಣೆ ಇರಲಿಲ್ಲ. ಗಂಡನ ಅಂಗಿಯನ್ನು ಮೂಸಿ ನೋಡುವ ಹೆಂಗಸರ ಬಗ್ಗೆ ನಾನು ಓದಿದ್ದೆ. ಅವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ.

ಮುಂದಿನ ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನವೇ ಬಂದು ಗೋಡೆಯ ಈಚೆ ನಿಂತೆ.

ಬಾಳವ್ವ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಳು, ಎಳೆಗೂಸಿಗೆ ಎರೆಯುವವರ ಹಾಗೆ. ಆಕೆಯ ಮೊಣಕಾಲುಗಳ ಮೇಲೆ ಮಸಿ ಮೈಚೆಲ್ಲಿ ಮಲಗಿತ್ತು. ನಾನು ತೊಡಿಸಿದ ಬನಿಯನ್ ಮಡಚಿ ಪಕ್ಕಕ್ಕಿಟ್ಟಿತ್ತು. ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಮಾಡುವ ಅಳವಿ ಪಾಯಸ ಬಟ್ಟಲಿನ ತಳದಲ್ಲಿ ಉಳಿದಿತ್ತು. ಬಾಳವ್ವ ಕೆಂಡದ ಮೇಲೆ ಅರಿವೆ ಕಾಸಿ, ತನ್ನ ಕೆನ್ನೆಗೆ ಒತ್ತಿ ಬಿಸಿ ನೋಡಿ, ಆಮೇಲೆ ಅದರ ಹೊಟ್ಟೆಗೆ ಒತ್ತುತ್ತಿದ್ದಳು. "ನನ್ನ ಮಗಳ, ನನ್ನ ಬಂಗಾರ," ಎನ್ನುತ್ತಿದ್ದಳು.

ಕೂಗಬೇಕಿತ್ತು. ಕೂಗದೆ ಆ ಕೈಯನ್ನೇ ನೋಡುತ್ತ ನಿಂತೆ. ಅಗಲವಾದ, ಎಣ್ಣೆ ಕುಡಿದ, ಯಾವ ಅವಸರವೂ ಇಲ್ಲದ ಕೈ. ಅದುವರೆಗೆ ನನ್ನ ಹೊಟ್ಟೆಕಿಚ್ಚೆಲ್ಲ ಬಾಳವ್ವನ ಮೇಲೆ ಎಂದುಕೊಂಡಿದ್ದೆ. ಗೋಡೆಯ ಈಚೆ ನಿಂತ ಆ ಹೊತ್ತಿನಲ್ಲಿ ನನಗೆ ಸಹಿಸಲಾಗದೆ ಹೋದದ್ದು ಆ ಕೈಯ ಕೆಳಗೆ ಮಲಗಿದ್ದ ನಾಯಿ.

"ಏನು ಮಾಡ್ತಿದ್ದೀರಿ ಬಾಳವ್ವ?"

"ಹಾಲು ಕಟ್ಟೇತ್ರಿ. ಕಾಸಿ ಹಿಂಡಬೇಕು."

"ಮುಟ್ಟಲೇಬಾರದು ಅಂದಿದ್ದಾರೆ ಡಾಕ್ಟರು. ನಿಮಗೂ ಹೇಳಿದ್ದೆ."

"ಯಾರು, ಮುರಿಗ್ಯಾನ? ತಲಿಗಿಂತ ಮದ್ಲ ಕಾಲು ಹೊರಗ ಹಾಕಿದ್ದ ಅವ. ನಾನ ಹಿಡದು ತಗದಾಕಿ. ಈಗ ನನಗ ಬಾಣಂತನ ಕಲಸ್ತಾನ."

"ಹಾಗಾದರೆ ನಿಮ್ಮ ನಾಲ್ಕು ಮರಿ ಎಲ್ಲಿ?"

ಬಾಳವ್ವನ ಕೈ ಮಸಿಯ ಹಿಂದಿನ ಮೊಲೆಯ ಮೇಲೆ ನಿಂತಿತು, ಸರಿಯಿತು, ಮತ್ತೆ ಅಲ್ಲಿಗೇ ಬಂತು. ಮಸಿ ಸಣ್ಣಗೆ ನರಳಿತು.

"ಬಿಸಿ ಐತಿ," ಎಂದಳು ಬಾಳವ್ವ. "ಕಲ್ಲಾಗೇತಿ. ಎತ್ತಕೊಳ್ರಿ. ಲಗೂನ ಒಯ್ಯರಿ."

ಮೊಲೆ ಕೀವುಗಟ್ಟಿತ್ತು. ಜ್ವರ ಬಂದು ಮಸಿ ನೀರನ್ನೂ ಮೂಸಲಿಲ್ಲ. ಮುರಿಗೆಪ್ಪನವರು ಕೀವು ತೆಗೆದು ಸೂಜಿ ಚುಚ್ಚಿದರು. ಉಳಿಯುತ್ತದೆ ಎಂದು ಕೆಲವು ದಿನ ಅವರೂ ಬಾಯಿಬಿಟ್ಟು ಹೇಳಲಿಲ್ಲ. ಉಳಿಯಿತು. ಹಾಲು ಬತ್ತಿತು. ಪೂರ್ತಿ ಬತ್ತಿ ಮೈ ಸುಧಾರಿಸಿದ ಮೇಲೆ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಡೋಣ, ಇಲ್ಲವಾದರೆ ಪ್ರತಿ ಬೆದೆಗೂ ಇದೇ ಕತೆಯಾಗಬಹುದು ಎಂದರು. ಒಪ್ಪಿದೆ.

ಓಣಿಗೆ ಸುದ್ದಿ ಹೇಗೋ ಹಬ್ಬಿತು. ಬಾಳವ್ವ ಚಪ್ಪಲಿಯ ತಾಯಿಗೆ ಬಾಣಂತನ ಮಾಡಿದಳಂತೆ ಎಂದು ಆಕೆಯ ಕೈಯಲ್ಲೇ ಹುಟ್ಟಿದವರು ನಗಾಡಿದರು. ಆಕೆ ಗೋಡೆಯ ಕಡೆ ಬರುವುದನ್ನು ಬಿಟ್ಟಳು. ಮಸಿ ಮತ್ತೆ ನನ್ನ ಕೈಯಿಂದ ಉಣ್ಣತೊಡಗಿತು. ಆದರೆ ಮಧ್ಯಾಹ್ನವಾದರೆ ಹೋಗಿ ಗೋಡೆಯ ಬುಡದಲ್ಲಿ ಕಿವಿ ನಿಮಿರಿಸಿ ಕೂರುತ್ತಿತ್ತು. ನಾನು ಕರೆದರೆ ಬರುತ್ತಿತ್ತು, ಕರೆದಾಗ ಮಾತ್ರ.

ಮುರಿಗೆಪ್ಪನವರಲ್ಲಿ ಒಂದು ತಬ್ಬಲಿ ಮರಿ ಇತ್ತು. ತಾಯಿ ಗಾಡಿಗೆ ಸಿಕ್ಕು ಸತ್ತಿತ್ತು. ನಾನೇ ಕೇಳಿ ತೆಗೆದುಕೊಂಡೆ. ಬಾಳವ್ವನಿಗೆ ತನ್ನದೇ ಒಂದು ಇದ್ದರೆ ನನ್ನದು ನನಗೆ ಉಳಿಯುತ್ತದೆ. ಮರಿಯ ನೆಪದಲ್ಲಿ ನನ್ನನ್ನೂ ಒಮ್ಮೆ ಒಳಗೆ ಕರೆದಾಳು. ಎರಡನ್ನೂ ಲೆಕ್ಕ ಹಾಕಿಯೇ ಹೋಗಿದ್ದೆ.

ಆಕೆ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ಬುಟ್ಟಿಯನ್ನು ಪಕ್ಕದಲ್ಲಿಟ್ಟೆ.

"ಈಗಷ್ಟೇ ಕಣ್ಣು ಬಿಟ್ಟಿದೆ. ಬತ್ತಿಯಲ್ಲಿ ಹಾಲು ಕುಡಿಸಬೇಕು. ನಿಮಗೆ ಅಂತ ತಂದೆ."

"ನನಗ್ಯಾಕ್ರಿ?"

"ನಿಮಗೂ ಒಂದು ಇರಲಿ ಅಂತ."

"ನನಗೊಂದು ಇದ್ರ ನಿಮ್ಮದು ಗ್ವಾಡಿ ದಾಟೂದಿಲ್ಲ ಅಂತ."

ನಾನು ಅಕ್ಕಿಯನ್ನು ನೋಡಿದೆ.

"ಈ ಓಣಿ ಕೂಸೆಲ್ಲ ನನ್ನ ಕೈಯಾಗ ಬಿದ್ದಾವ್ರಿ," ಎಂದಳು ಬಾಳವ್ವ. "ತೊಳದು, ಒರಸಿ, ತಾಯಿ ಕೈಯಾಗ ಕೊಟ್ಟು ಮನಿಗೆ ಬಂದಾಕಿ ನಾ. ಒಂದನ್ನೂ ಇಟಗೊಂಡಿಲ್ಲ."

ಮರಿ ಬುಟ್ಟಿಯ ಅಂಚಿಗೆ ಮೂಗು ಒತ್ತಿ ಕುಂಯ್‌ಗುಟ್ಟಿತು. ಬಾಳವ್ವ ಮೊರವನ್ನು ಕೆಳಗಿಟ್ಟಳು. ಸರಿದಿದ್ದ ಅರಿವೆಯನ್ನು ಮರಿಯ ಮೈಮೇಲೆ ಹೊದಿಸಿದಳು. ಬುಟ್ಟಿಯ ತಳಕ್ಕೆ ಎರಡೂ ಅಂಗೈ ಕೊಟ್ಟು ಎತ್ತಿ, ನಾನು ಕೈ ಮುಂದೆ ಮಾಡುವ ತನಕ ಹಾಗೆಯೇ ಹಿಡಿದುಕೊಂಡಿದ್ದಳು.

"ಬ್ಯಾಡ್ರಿ ಅಕ್ಕಾರ," ಎಂದಳು. "ಒಯ್ಯರಿ."